ಗಣಿಯ ಲಾಭವೂ ಭದ್ರಾವತಿಯ ನಷ್ಟವೂ

(ಶಿವಮೊಗ್ಗೆಯಲ್ಲಿ ಉಪಾಧ್ಯಾಯರೂ ನಾಗರಿಕರೂ ಕೂಡಿದ ಸಭೆಯೊಂದರಲ್ಲಿ ಮಾಡಿದ ಭಾಷಣ)



ಗಣಿ ಕಂಪನಿಗಳ ವಾರ್ಷಿಕ ಲೆಕ್ಕದ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಅಪ್ಪಣೆಯಾದಾಗ ನಾವು ಮೊದಲು ಹಿಂಜರಿದೆವು. ಲಾಭಾಂಶ, ಸವಕಳಿ, ಮೀಸಲು ನಿಧಿ ಮೊದಲಾದ ಮಾತುಗಳು ಸಂಜೆಯ ಸಭೆಗೆ ರುಚಿಸತಕ್ಕವುಗಳಲ್ಲ. ಆದರೆ ಯಾವ ಊರಿನ ಒಲೆಗಳು ಒಂದು ಲೆಕ್ಕದ ಪುಸ್ತಕದ ಕೊನೆಯ ಸಾಲನ್ನು ನೋಡಿ ಉರಿಯಬೇಕೋ ಆರಬೇಕೋ ಎಂದು ಕಾದಿರುವುವೋ, ಆ ಊರಿನವರು ಆ ಪುಸ್ತಕವನ್ನು ಓದಲು ಕಲಿಯದೆ ಗತ್ಯಂತರವಿಲ್ಲ. ಭದ್ರಾವತಿಯು ಅಂತಹ ಊರು.

ಹಿಂದೆ ಬೆಂಕಿಪುರವೆಂದು ಕರೆಯಿಸಿಕೊಳ್ಳುತ್ತಿದ್ದ ಆ ಊರಿನಲ್ಲಿ ೧೯೨೩ನೆಯ ಇಸವಿಯ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯು ಕೆಲಸಕ್ಕೆ ಮೊದಲು ಮಾಡಿತು. ಸರಿಯಾಗಿ ನೂರು ವರ್ಷ ತುಂಬಿದ ೨೦೨೩ರ ಜನವರಿಯಲ್ಲಿ, ಕಾರ್ಖಾನೆಯ ಒಡೆತನವನ್ನು ಹೊಂದಿದ್ದ ಭಾರತೀಯ ಉಕ್ಕು ಪ್ರಾಧಿಕಾರದ, ಎಂದರೆ ನಾವೆಲ್ಲರೂ ಸೈಲ್ ಎನ್ನುವ ಸಂಸ್ಥೆಯ, ನಿರ್ದೇಶಕ ಮಂಡಲಿಯು ಅದನ್ನು ಮುಚ್ಚತಕ್ಕದ್ದೆಂದು ನಿಶ್ಚಯಿಸಿತು. ಶತಮಾನೋತ್ಸವಕ್ಕೆ ಚಪ್ಪರ ಹಾಕಬೇಕಾಗಿದ್ದವರು ಕಾರ್ಖಾನೆಯ ಬಾಗಿಲಿನ ಮುಂದೆ ಧರಣಿಯ ಚಪ್ಪರ ಹಾಕಿದರು. ಮುಚ್ಚುವುದಕ್ಕೆ ಕೊಟ್ಟ ಕಾರಣವು ನಷ್ಟ. ಈ ನಷ್ಟವೆಂಬುದು ಏನು, ಅದು ಎಲ್ಲಿಂದ ಬಂದಿತು, ಅದೇ ವರ್ಷಗಳಲ್ಲಿ ಗಣಿಯುಳ್ಳ ಕಂಪನಿಗಳು ಹಂಚಿದ ಲಾಭವು ಎಲ್ಲಿಂದ ಬಂದಿತು ಎಂಬುದನ್ನು ವಿಚಾರಿಸುವುದೇ ಈ ಹೊತ್ತಿನ ನಮ್ಮ ಕೆಲಸ.

ಈ ಸಭೆಯಲ್ಲಿ ಅಡಿಕೆಯ ಮಂಡಿಯ ವ್ಯವಹಾರ ಬಲ್ಲವರು ಬಹುಮಂದಿ ಕುಳಿತಿದ್ದಾರೆ. ಲೆಕ್ಕದಲ್ಲಿ ತಪ್ಪಿದರೆ ಅವರು ನಮ್ಮನ್ನು ಸುಮ್ಮನೆ ಬಿಡುವವರಲ್ಲ. ಆದುದರಿಂದ ಅವರ ತೋಟದಿಂದಲೇ ಆರಂಭಿಸೋಣ. ತೋಟದ ಯಜಮಾನನೊಬ್ಬನು ಗೊನೆ ಇಳಿಸಿ, ಸುಲಿಸಿ, ಬೇಯಿಸಿ, ಒಣಗಿಸಿ ಮಂಡಿಗೆ ಕಳುಹಿಸುತ್ತಾನೆ. ಕೂಲಿ, ಗೊಬ್ಬರ, ಸಾಗಣೆಗಳನ್ನು ಕಳೆದು ಉಳಿದುದು ಅವನ ಲಾಭ. ಮರುವರ್ಷ ಮರವು ಮತ್ತೆ ಗೊನೆ ಬಿಡುತ್ತದೆ. ಪಕ್ಕದ ತೋಟದವನು ತನ್ನ ತೋಟದ ಮೇಲ್ಮಣ್ಣನ್ನೇ ಇಟ್ಟಿಗೆಯ ಭಟ್ಟಿಯವರಿಗೆ ಮಾರುತ್ತಾನೆ. ಅಗೆದ ಕೂಲಿಯನ್ನೂ ಗಾಡಿಯ ಬಾಡಿಗೆಯನ್ನೂ ಕಳೆದು ಉಳಿದುದನ್ನು ಅವನೂ ಲಾಭವೆಂದೇ ಬರೆದುಕೊಳ್ಳುತ್ತಾನೆ. ಆ ವರ್ಷದ ಮಟ್ಟಿಗೆ ಮೊದಲನೆಯವನಿಗಿಂತ ಅವನ ಲಾಭವೇ ಹೆಚ್ಚಾಗಿದ್ದರೂ ಇರಬಹುದು. ಆದರೆ ಇವನು ಮಾರಿದುದು ಬೆಳೆಯನ್ನಲ್ಲ, ಮೂಲಧನವನ್ನು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂದು ನಮ್ಮ ಹಿರಿಯರು ಹೇಳಿದುದು ಇಂತಹವನನ್ನು ಕುರಿತೇ.

ಗಣಿಯ ಲೆಕ್ಕವು ಎರಡನೆಯವನ ಲೆಕ್ಕ. ಯಂತ್ರಕ್ಕೆ, ಕಟ್ಟಡಕ್ಕೆ, ಲಾರಿಗೆ ವರ್ಷ ವರ್ಷವೂ ಸವಕಳಿಯೆಂದು ಒಂದು ಮೊತ್ತವನ್ನು ಕಂಪನಿಯು ಖರ್ಚಿಗೆ ಹಾಕುತ್ತದೆ. ಅವು ಸವೆದಾಗ ಹೊಸವನ್ನು ಕೊಳ್ಳಬೇಕಲ್ಲವೆ? ಗುತ್ತಿಗೆ ಹಿಡಿಯಲು ಕೊಟ್ಟ ಹಣವನ್ನೂ ಹಾಗೆಯೇ ಕ್ರಮವಾಗಿ ಖರ್ಚಿಗೆ ಹಾಕುತ್ತದೆ. ಆದರೆ ಸವೆದ ಗುಡ್ಡಕ್ಕೆ, ಅದರ ನಿಜವಾದ ಬೆಲೆಗೆ, ಆ ಪುಸ್ತಕದಲ್ಲಿ ಸವಕಳಿಯಿಲ್ಲ. ಗುಡ್ಡವನ್ನು ಕಂಪನಿಯು ಕೊಂಡುದಲ್ಲ. ಅದು ನೆಲದ ಒಡೆಯನದು, ಎಂದರೆ ರಾಜ್ಯದ ಪ್ರಜೆಗಳದು. ಒಡೆಯನಿಗೆ ಸಲ್ಲತಕ್ಕ ಹಣವೇ ರಾಜಧನ. ಬಹುಕಾಲ ಇದನ್ನು ಒಂದು ಬಗೆಯ ತೆರಿಗೆಯೆಂದು ತಿಳಿದವರಿದ್ದರು. ೨೦೨೪ರ ಜುಲೈ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು, ಒಬ್ಬರ ಭಿನ್ನಮತದೊಡನೆ, ರಾಜಧನವು ತೆರಿಗೆಯಲ್ಲ, ಗುತ್ತಿಗೆದಾರನು ಖನಿಜದ ಒಡೆಯನಿಗೆ ತೆರತಕ್ಕ ಪ್ರತಿಫಲವೆಂದು ನಿರ್ಣಯಿಸಿತು. ಮಾರಿದ ವಸ್ತುವಿಗೆ ಬೆಲೆ ಎಷ್ಟು ಬಂದಿತೆಂದು ಕೇಳುವ ಹಕ್ಕು ಒಡೆಯನಿಗೆ ಉಂಟೆಂಬುದು ಇದರಿಂದ ಸ್ಪಷ್ಟವಾಯಿತು.

ಇನ್ನು ಒಂದು ನಿಜವಾದ ಲೆಕ್ಕವನ್ನು ನೋಡೋಣ. ಎನ್.ಎಂ.ಡಿ.ಸಿ. ಎಂಬ ಕೇಂದ್ರ ಸರಕಾರದ ಗಣಿ ಕಂಪನಿಗೆ ಛತ್ತೀಸಗಡದ ಬೈಲಾಡಿಲದಲ್ಲಿಯೂ ನಮ್ಮ ಸಂಡೂರು ಸೀಮೆಯ ದೋಣಿಮಲೆ, ಕುಮಾರಸ್ವಾಮಿ ಗುಡ್ಡಗಳಲ್ಲಿಯೂ ಕಬ್ಬಿಣದ ಗಣಿಗಳುಂಟು. ೨೦೨೧-೨೨ರಲ್ಲಿ ಅದು ತೆಗೆದ ಅದಿರು ನಾಲ್ಕು ಕೋಟಿ ಟನ್ನಿಗೆ ಮೇಲ್ಪಟ್ಟಿತು; ಲಾಭವು ಒಂಬತ್ತು ಸಾವಿರ ಕೋಟಿ ರೂಪಾಯಿಗಳನ್ನು ಮೀರಿತು. ಒಂದು ರೂಪಾಯಿ ಮುಖಬೆಲೆಯ ಷೇರಿಗೆ ಆ ವರ್ಷ ಹಂಚಿದ ಲಾಭಾಂಶವು ೧೪ ರೂಪಾಯಿ ೭೪ ಪೈಸೆ. ಷೇರುಗಳ ಸಂಖ್ಯೆಯು ಆಗ ಸುಮಾರು ೨೯೩ ಕೋಟಿಯಿತ್ತು. ಉಪಾಧ್ಯಾಯರು ಹಲಗೆಯ ಮೇಲೆ ಗುಣಿಸಿ ನೋಡಬಹುದು: ಒಟ್ಟು ಸುಮಾರು ೪,೩೨೦ ಕೋಟಿ ರೂಪಾಯಿ. ಇದನ್ನು ತೆಗೆದ ಅದಿರಿನಿಂದ ಭಾಗಿಸಿರಿ. ಗುಡ್ಡದಿಂದ ಇಳಿದ ಒಂದೊಂದು ಟನ್ ಕಲ್ಲಿಗೂ ಷೇರುದಾರರ ಕೈಗೆ ಹೆಚ್ಚು ಕಡಿಮೆ ಸಾವಿರ ರೂಪಾಯಿ ಸೇರಿತು. ಷೇರುಗಳಲ್ಲಿ ನೂರಕ್ಕೆ ಅರುವತ್ತಕ್ಕಿಂತ ಹೆಚ್ಚು ಕೇಂದ್ರ ಸರಕಾರದವು. ಉಳಿದುವು ವಿಮಾ ಸಂಸ್ಥೆಗಳವು, ನಿಧಿಗಳವು, ಸ್ವದೇಶ ಪರದೇಶಗಳ ಹಣವಂತರವು.

ಇದರಲ್ಲಿ ಕಂಪನಿಯದು ತಪ್ಪೆಂದು ನಾವು ಹೇಳುತ್ತಿಲ್ಲ. ದೋಣಿಮಲೆಯ ಸಂಗತಿಯನ್ನು ನೆನೆದರೆ ಒಡೆಯನು ಎಚ್ಚತ್ತಾಗ ಏನಾಗುವುದೆಂಬುದೂ ತಿಳಿಯುತ್ತದೆ. ೨೦೧೮ರಲ್ಲಿ ಗುತ್ತಿಗೆಯ ನವೀಕರಣದ ಕಾಲಕ್ಕೆ ಕರ್ನಾಟಕ ಸರಕಾರವು ನೂರಕ್ಕೆ ಎಂಬತ್ತರಂತೆ ಅಧಿಕಧನವನ್ನು ಕೇಳಿತು. ಕಂಪನಿಯು ಒಪ್ಪದೆ ಗಣಿಯನ್ನೇ ನಿಲ್ಲಿಸಿತು. ಎರಡು ವರ್ಷಕ್ಕೂ ಹೆಚ್ಚು ಕಾಲ ಜಗ್ಗಾಟ ನಡೆದು, ಕೊನೆಗೆ ನೂರಕ್ಕೆ ಇಪ್ಪತ್ತೆರಡೂವರೆಗೆ ಒಪ್ಪಂದವಾಗಿ ೨೦೨೧ರ ಫೆಬ್ರವರಿಯಲ್ಲಿ ಗಣಿಯು ಮರಳಿ ತೆರೆಯಿತು. ಎಂಬತ್ತು ಹೆಚ್ಚಾಯಿತೋ, ಇಪ್ಪತ್ತೆರಡೂವರೆ ಕಡಿಮೆಯಾಯಿತೋ, ತಜ್ಞರು ಹೇಳಲಿ. ಕೇಳಿದುದಂತೂ ಒಳ್ಳೆಯದಾಯಿತು. ಮೊದಲು ಕೇಳುವವರೇ ಇರಲಿಲ್ಲ.

ಕೇಳುವವರಿಲ್ಲದ ಕಾಲವು ಹೇಗಿತ್ತೆಂಬುದಕ್ಕೆ ಕೋಲಾರವನ್ನು ನೋಡಬೇಕು. ೧೮೮೦ರಿಂದ ಅಲ್ಲಿ ಜಾನ್ ಟೇಲರ್ ಮತ್ತು ಮಕ್ಕಳ ಆಡಳಿತದಲ್ಲಿ ಲಂಡನ್ನಿನ ಕಂಪನಿಗಳು ಹೊನ್ನು ತೆಗೆದುವು. ಗಣಿಯ ಯಂತ್ರಗಳನ್ನು ತಿರುಗಿಸುವುದಕ್ಕೆಂದೇ ಮೈಸೂರು ಸಂಸ್ಥಾನವು ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯನ್ನು ತಂತಿಯ ಮೇಲೆ ಅಲ್ಲಿಗೆ ಒಯ್ದಿತು. ಷೇರುದಾರರ ಸಭೆ ಕೂಡುತ್ತಿದ್ದುದು ಲಂಡನ್ನಿನಲ್ಲಿ, ಲಾಭಾಂಶ ಹಂಚುತ್ತಿದ್ದುದು ಅಲ್ಲಿಯೇ. ಸಂಸ್ಥಾನಕ್ಕೆ ಬರುತ್ತಿದ್ದುದು ನೂರಕ್ಕೆ ಐದರ ರಾಜಧನವೂ ಲಾಭದಲ್ಲೊಂದು ಅಲ್ಪಭಾಗವೂ. ೧೯೫೬ರಲ್ಲಿ ಗಣಿಗಳು ರಾಷ್ಟ್ರದ ಸ್ವತ್ತಾಗುವ ಹೊತ್ತಿಗೆ ಮೇಲಿನ ಸಿರಿಯೆಲ್ಲ ತೀರಿ, ಅತಿ ಆಳದ ದುಬಾರಿ ಕೆಲಸವು ಮಾತ್ರ ಉಳಿದಿತ್ತು. ಷೇರುದಾರನು ತಿಂದು ಎದ್ದ ಎಲೆಯ ಮುಂದೆ ಸರಕಾರವು ಊಟಕ್ಕೆ ಕುಳಿತಂತಾಯಿತು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದುವು. ಒಟ್ಟು ಸುಮಾರು ಎಂಟುನೂರು ಟನ್ ಹೊನ್ನನ್ನು ಕೊಟ್ಟ ಊರಿಗೆ ಉಳಿದುದು ಸಯನೈಡಿನ ಹುಡಿಮಣ್ಣಿನ ದಿಬ್ಬಗಳು. ಆ ದಿಬ್ಬಗಳನ್ನು ಯಾವ ವರ್ಷದ ಅಢಾವೆ ಪತ್ರಿಕೆಯಲ್ಲಿ ಯಾರು ಸಾಲವೆಂದು ತೋರಿಸಿದ್ದರು?

ಕೋಲಾರದ ಈ ಪಾಠವನ್ನು ಕಣ್ಣಾರೆ ಕಂಡಿದ್ದವರು ಶ್ರೀಮಾನ್ ವಿಶ್ವೇಶ್ವರಯ್ಯನವರು. ಅವರು ದಿವಾನರಾಗಿದ್ದಾಗ ೧೯೧೮ರಲ್ಲಿ ಭದ್ರಾವತಿಯ ಕಾರ್ಖಾನೆಗೆ ಮಂಜೂರಾತಿಯಾಯಿತು. ಇಲ್ಲಿ ಷೇರುದಾರನೆಂಬವನಿರಲಿಲ್ಲ, ಬಂಡವಾಳವು ಸಂಸ್ಥಾನದ್ದು. ಕೆಮ್ಮಣ್ಣುಗುಂಡಿಯ ಅದಿರು ತಂತಿದಾರಿಯ ತೊಟ್ಟಿಲುಗಳಲ್ಲಿ ಗುಡ್ಡವಿಳಿದು ಕಿರುರೈಲಿನಲ್ಲಿ ಬರುತ್ತಿತ್ತು, ಮಲೆನಾಡಿನ ಕಾಡಿನ ಕಟ್ಟಿಗೆಯಿಂದ ಇದ್ದಲು, ಹೊಳೆಯ ನೀರು. ಪರದೇಶಕ್ಕೆ ಕಲ್ಲನ್ನು ಕಳುಹಿಸಿ ಕಬ್ಬಿಣವನ್ನು ಕೊಳ್ಳುವ ಬದಲು ಕಲ್ಲನ್ನು ಇಲ್ಲಿಯೇ ಕಬ್ಬಿಣ ಮಾಡತಕ್ಕದ್ದೆಂಬುದು ಸಂಕಲ್ಪ.

ಮೊದಲ ವರ್ಷಗಳಲ್ಲಿ ನಷ್ಟವೇ ಆಯಿತು. ಯುದ್ಧಾನಂತರದಲ್ಲಿ ಬೀಡುಕಬ್ಬಿಣದ ಬೆಲೆಯು ಬಿದ್ದಿತು. ಬಿಳಿಯಾನೆಯನ್ನು ಸಾಕಿದ್ದಾರೆಂದು ಆಡಿಕೊಂಡವರು ಬಹುಮಂದಿ. ಆಗ ವಿಶ್ವೇಶ್ವರಯ್ಯನವರೇ ೧೯೨೩ರಿಂದ ೧೯೨೯ರವರೆಗೆ ಆಡಳಿತ ಮಂಡಲಿಯ ಅಧ್ಯಕ್ಷರಾಗಿ ನಿಂತು, ವೆಚ್ಚವನ್ನು ಕತ್ತರಿಸಿ, ಪರದೇಶದ ಅಧಿಕಾರಿಗಳ ಸ್ಥಾನಗಳಲ್ಲಿ ನಮ್ಮವರನ್ನು ತರಬೇತು ಮಾಡಿ ಕೂರಿಸಿ, ಕೊಳಾಯಿಯ ಎರಕಕ್ಕೆ ಕೈಹಾಕಿ, ಕಾರ್ಖಾನೆಯನ್ನು ದಡಕ್ಕೆ ತಂದರು. ಅವರಿಗೆ ಸಲ್ಲತಕ್ಕ ಸಂಭಾವನೆಯನ್ನು ಕೈಯಿಂದ ಮುಟ್ಟದೆ, ಆ ಹಣವನ್ನು ತರುಣರಿಗೆ ಕಸಬು ಕಲಿಸುವ ಸಂಸ್ಥೆಗಾಗಿ ಬಿಟ್ಟುಕೊಟ್ಟರು. ಬೆಂಗಳೂರಿನ ಜಯಚಾಮರಾಜೇಂದ್ರ ಔದ್ಯೋಗಿಕ ಶಾಲೆಯು ಹಾಗೆ ಹುಟ್ಟಿದುದು. ಮುಂದೆ ೧೯೩೬ರಲ್ಲಿ ಉಕ್ಕಿನ ವಿಭಾಗ, ಅನಂತರ ಸಿಮೆಂಟು, ಯುದ್ಧಕಾಲದಲ್ಲಿ ಫೆರೋಸಿಲಿಕನ್ನು. ಅದೇ ಊರಿನಲ್ಲಿ ಮೈಸೂರು ಕಾಗದದ ಕಾರ್ಖಾನೆಯೂ ಎದ್ದಿತು. ಒಂದು ಕಾಲಕ್ಕೆ ಕಬ್ಬಿಣದ ಕಾರ್ಖಾನೆಯೊಂದೇ ಹತ್ತು ಸಾವಿರಕ್ಕೂ ಮೇಲ್ಪಟ್ಟ ಮಂದಿಗೆ ಕೆಲಸ ಕೊಟ್ಟಿತ್ತು. ಇದನ್ನೇ ನಾವು ಆ ದಿನಗಳ ಲಾಭಾಂಶವೆನ್ನುತ್ತೇವೆ: ಕೊಳಾಯಿ, ಸಿಮೆಂಟು, ಕಸಬು ಬಲ್ಲ ಕೈಗಳು. ಷೇರುಪೇಟೆಯ ಕಾಗದದಲ್ಲಿ ಇವುಗಳಿಗೆ ಅಂಕಣವಿಲ್ಲ.

೧೯೬೨ರಲ್ಲಿ ಕಾರ್ಖಾನೆಯು ಕಂಪನಿಯಾಯಿತು. ನೂರರಲ್ಲಿ ಅರುವತ್ತು ಪಾಲು ನಮ್ಮ ರಾಜ್ಯದ್ದು, ನಲವತ್ತು ಕೇಂದ್ರದ್ದು. ೧೯೮೯ರಲ್ಲಿ ಅದು ಸೈಲ್‌ನ ಅಧೀನ ಸಂಸ್ಥೆಯಾಗಿ, ೧೯೯೮ರಲ್ಲಿ ಅದರೊಳಗೇ ಲೀನವಾಯಿತು. ಅಲ್ಲಿಂದ ಮುಂದೆ ಭದ್ರಾವತಿಗೆ ತನ್ನದೇ ಆದ ಷೇರೂ ಇಲ್ಲ, ಲಾಭಾಂಶವೂ ಇಲ್ಲ. ದೊಡ್ಡ ಪುಸ್ತಕದಲ್ಲಿ ಒಂದು ಪುಟ.

ಈ ಶತಮಾನದ ಮೊದಲ ದಶಕದಲ್ಲಿ ಕೆಮ್ಮಣ್ಣುಗುಂಡಿಯ ಗಣಿಯು ನಿಂತಿತು. ಮಹನೀಯರೇ, ಈ ಭಾಷಣದಲ್ಲಿ ನೀವು ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿರಿ. ಸ್ವಂತ ಗಣಿಯುಳ್ಳ ಉಕ್ಕಿನ ಕಾರ್ಖಾನೆಗೆ ಅದಿರಿನ ವೆಚ್ಚವೆಂದರೆ ಅಗೆದ ಕೂಲಿ, ಸಾಗಣೆ, ರಾಜಧನ, ಇತರ ಕರಗಳು. ಗಣಿಯಿಲ್ಲದ ಕಾರ್ಖಾನೆಗೆ ಅದಿರಿನ ವೆಚ್ಚವೆಂದರೆ ಪೇಟೆಯ ಬೆಲೆ. ಈಗ ತಾನೇ ಟನ್ನೊಂದಕ್ಕೆ ಸಾವಿರ ರೂಪಾಯಿ ಲಾಭಾಂಶವೆಂದು ಲೆಕ್ಕ ಹಾಕಿದೆವಷ್ಟೆ; ಆ ಸಾವಿರವೂ ಅದರ ಮೇಲಿನ ಮಿಕ್ಕ ಲಾಭವೂ ಕೊಳ್ಳುವವನ ಕಿಸೆಯಿಂದಲೇ ಬರಬೇಕು. ಕೆಲಸಗಾರನು ಅದೇ, ಕುಲುಮೆಯು ಅದೇ. ಗುಡ್ಡವು ಕೈಬಿಟ್ಟ ಮಾತ್ರದಿಂದ ಲಾಭದ ಪುಟವು ನಷ್ಟದ ಪುಟವಾಗಬಲ್ಲದು.

ಇದು ಬರಿಯ ತರ್ಕವಲ್ಲ. ಸೈಲ್‌ನ ದೊಡ್ಡ ಕಾರ್ಖಾನೆಗಳಿಗೆ ಅದರದೇ ಕಬ್ಬಿಣದ ಗಣಿಗಳುಂಟು. ೨೦೨೧-೨೨ರಲ್ಲಿ ಉಕ್ಕಿನ ಬೆಲೆಯು ಏರಿದಾಗ ಅದರ ಲಾಭವು ೧೨,೦೧೫ ಕೋಟಿ ರೂಪಾಯಿಗಳಿಗೆ ಮುಟ್ಟಿತು. ಅಲ್ಲಿಯವರೆಗೆ ಆ ಸಂಸ್ಥೆಯು ಅಷ್ಟು ಲಾಭವನ್ನು ಕಂಡಿರಲಿಲ್ಲ. ಹತ್ತು ರೂಪಾಯಿಯ ಷೇರಿಗೆ ೮ ರೂಪಾಯಿ ೭೫ ಪೈಸೆ ಹಂಚಿತು. ಷೇರುಗಳು ಸುಮಾರು ೪೧೩ ಕೋಟಿ. ಹಂಚಿದ ಹಣವು ೩,೬೦೦ ಕೋಟಿಯನ್ನು ಮೀರಿತು. ನೂರಕ್ಕೆ ಅರುವತ್ತೈದರ ಒಡೆಯನಾದ ಕೇಂದ್ರ ಸರಕಾರಕ್ಕೆ ಅದರಲ್ಲಿ ಸುಮಾರು ೨,೩೫೦ ಕೋಟಿ. ಆ ಲೆಕ್ಕದ ಹಿಂದಿನ ವರ್ಷಗಳಲ್ಲಿಯೇ ಭದ್ರಾವತಿಯು ಮಾರಾಟದ ಹಲಗೆಯ ಮೇಲೆ ಕುಳಿತಿತ್ತು. ೨೦೧೬ರಲ್ಲಿ ಮಾರಲು ತತ್ತ್ವತಃ ಒಪ್ಪಿಗೆ, ೨೦೧೯ರಲ್ಲಿ ಕೊಳ್ಳುವವರಿಗೆ ಆಹ್ವಾನ, ೨೦೨೨ರ ಅಕ್ಟೋಬರಿನಲ್ಲಿ ಸಾಕಷ್ಟು ಆಸಕ್ತರಿಲ್ಲವೆಂದು ಮಾರಾಟದ ರದ್ದು, ಮರುವರ್ಷದ ಜನವರಿಯಲ್ಲಿ ಮುಚ್ಚುವ ನಿಶ್ಚಯ. ಗಣಿಯಿಲ್ಲದ ಕಾರ್ಖಾನೆಯನ್ನು ಕೊಳ್ಳಲು ಬಂದವನು ಮೊದಲು ಕೇಳುವ ಪ್ರಶ್ನೆ ಯಾವುದೆಂದು ನಾವು ಹೇಳಬೇಕಾಗಿಲ್ಲ.

ಕುದುರೆಮುಖದ ಕಂಪನಿಯ ಕಥೆಯೂ ಇದೇ ಸತ್ಯವನ್ನು ಬೇರೆ ದಿಕ್ಕಿನಿಂದ ತೋರಿಸುತ್ತದೆ. ೧೯೭೬ರಲ್ಲಿ ಇರಾಣದ ಸಾಲದ ಭರವಸೆಯ ಮೇಲೆ ಅದು ಹುಟ್ಟಿತು. ಆ ದೇಶದಲ್ಲಿ ಕ್ರಾಂತಿಯಾಗಿ ಸಾಲವು ನಡುವೆಯೇ ನಿಂತರೂ ಗಣಿಯು ನಡೆಯಿತು. ಅದಿರಿನ ಪುಡಿಯು ನೀರಿನೊಡನೆ ಬೆರೆತು ೬೭ ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿದು ಹಡಗು ಹತ್ತಿತು. ಗಣಿಯ ಕೆಸರಾದರೋ ಭದ್ರೆಯಲ್ಲಿ ನಮ್ಮ ಕಡೆಗೆ ಇಳಿಯಿತು. ಅದಿರು ಪಡುವಣಕ್ಕೆ, ಕೆಸರು ಮೂಡಣಕ್ಕೆ! ಲಕ್ಕವಳ್ಳಿಯ ಅಣೆಕಟ್ಟಿನ ನೀರನ್ನು ನಂಬಿದ ರೈತರು ಆ ಕಂಪನಿಯ ಲಾಭಾಂಶದ ಪತ್ರಿಕೆಯಲ್ಲಿ ಎಂದೂ ಹೆಸರು ಕಂಡವರಲ್ಲ. ಸರ್ವೋಚ್ಚ ನ್ಯಾಯಾಲಯದ ೨೦೦೨ರ ಆಜ್ಞೆಯಂತೆ ೨೦೦೫ರ ಕೊನೆಗೆ ಗಣಿಯು ನಿಂತುದು ಸರಿಯೇ ಆಯಿತೆಂದು ನಮ್ಮ ಅಭಿಮತ. ಆ ಬಳಿಕ ಕಂಪನಿಯು ಅದಿರನ್ನು ಕೊಂಡು ತಂದು ಮಂಗಳೂರಿನಲ್ಲಿ ಉಂಡೆ ಕಟ್ಟಿ ಮಾರತೊಡಗಿತು. ೨೦೨೧-೨೨ರಲ್ಲಿ ಮುನ್ನೂರು ಕೋಟಿಗೆ ಮೇಲ್ಪಟ್ಟು ಲಾಭ. ೨೦೨೨ರ ಮೇ ತಿಂಗಳಲ್ಲಿ ಉಂಡೆಯ ರಫ್ತಿನ ಮೇಲೆ ನೂರಕ್ಕೆ ನಲವತ್ತೈದರ ಸುಂಕ ಬಿದ್ದೊಡನೆ ಆ ವರ್ಷವೇ ನಷ್ಟ. ಗಣಿಯಿದ್ದ ದಿನ ಅದೇ ಕಂಪನಿಯು ಇಂತಹ ಒಂದು ಏಟಿಗೆ ಹೀಗೆ ಉರುಳುತ್ತಿತ್ತೆ?

ಇಲ್ಲಿ ಒಂದು ಆಕ್ಷೇಪಣೆ ಬರಬಹುದು, ಬರತಕ್ಕದ್ದೇ. ಭದ್ರಾವತಿಯ ನಷ್ಟಕ್ಕೆ ಅದಿರೊಂದೇ ಕಾರಣವೆ? ಅಲ್ಲ. ಅದರ ಕುಲುಮೆಗಳು ಇಂದಿನ ಮಾಪಿನಲ್ಲಿ ಬಹು ಚಿಕ್ಕವು, ಯಂತ್ರಗಳು ಹಳೆಯವು, ಮಾರುತ್ತೇವೆಂದು ವರ್ಷಾನುಗಟ್ಟಲೆ ಹೇಳಿಕೊಂಡು ಬಂದ ಸ್ವತ್ತಿಗೆ ಯಾವ ಒಡೆಯನೂ ಹೊಸ ಬಂಡವಾಳ ಹಾಕುವುದಿಲ್ಲ, ಹಾಕದ ಕಾರಣ ನಷ್ಟವು ಬೆಳೆಯುತ್ತದೆ, ಬೆಳೆದ ನಷ್ಟವೇ ಮುಚ್ಚುವುದಕ್ಕೆ ಸಾಕ್ಷಿಯಾಗುತ್ತದೆ. ಮಿಶ್ರಲೋಹದ ಉಕ್ಕಿನಲ್ಲಿ ಭದ್ರಾವತಿಯ ಕೈಚಳಕವು ಎಷ್ಟು ಹೆಸರಾದುದಾದರೂ ಈ ಸುಳಿಯಿಂದ ಅದನ್ನು ಎತ್ತಲಾರದೆ ಹೋಯಿತು. ಕೆಮ್ಮಣ್ಣುಗುಂಡಿಯನ್ನು ಮತ್ತೆ ಅಗೆಯಿರೆಂದೂ ನಾವು ಹೇಳುವವರಲ್ಲ. ಬಾಬಾಬುಡನ್ ಗಿರಿಯ ಕಾಡೂ ನೀರೂ ಉಳಿಯಲಿ.

ಆದರೆ ಕಬ್ಬಿಣದ ಗುಡ್ಡಗಳು ಕನ್ನಡನಾಡಿನಲ್ಲಿ ಮತ್ತೆಲ್ಲಿಯೂ ಇಲ್ಲವೆ? ಹಿಂದೆ ಒಂದು ಕಾಲವಿತ್ತು: ಕೋಲಾರದ ಹೊನ್ನು ಮೈಸೂರಿನ ಲೆಕ್ಕದಲ್ಲಿ, ಹಟ್ಟಿಯ ಹೊನ್ನು ನಿಜಾಮರ ಲೆಕ್ಕದಲ್ಲಿ, ಬಳ್ಳಾರಿಯ ಅದಿರು ಮದರಾಸಿನ ಲೆಕ್ಕದಲ್ಲಿ, ಸಂಡೂರಿಗೆ ಅದರದೇ ದೊರೆ. ಆಗ ಬಳ್ಳಾರಿಯ ಕಲ್ಲು ಭದ್ರಾವತಿಯ ಕುಲುಮೆಗೆ ಬರಲಿಲ್ಲವೆಂದರೆ ಗಡಿಯನ್ನು ದೂರಬಹುದಾಗಿತ್ತು. ೧೯೫೩ರಲ್ಲಿ ಬಳ್ಳಾರಿಯು ಬಂದಿತು, ೧೯೫೬ರಲ್ಲಿ ನಾಡು ಒಂದಾಯಿತು. ಗುಡ್ಡವೂ ಕುಲುಮೆಯೂ ಒಂದೇ ಮನೆಯವಾದುವು. ಆ ಮೇಲೆ ನಡೆದುದೇನು? ಈ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿಯ ಅದಿರು ಲಾರಿ ಲಾರಿಯಾಗಿ ಬಂದರುಗಳಿಗೆ ಹೋಯಿತು. ಎಷ್ಟು ನ್ಯಾಯವಾಗಿ, ಎಷ್ಟು ಅನ್ಯಾಯವಾಗಿ ಎಂಬುದನ್ನು ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು ೨೦೦೮ರಲ್ಲಿಯೂ ೨೦೧೧ರಲ್ಲಿಯೂ ವರದಿಗಳಲ್ಲಿ ಬರೆದಿಟ್ಟರು. ೨೦೧೧ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಪರದೇಶದ ಕುಲುಮೆಗಳಿಗೆ ದೊರೆತ ಕಲ್ಲು ಭದ್ರಾವತಿಗೆ ದೊರೆಯಲಿಲ್ಲ. ಬಳ್ಳಾರಿ ಸೀಮೆಯ ರಮಣದುರ್ಗದಲ್ಲಿ ಒಂದು ಗಣಿಯನ್ನು ಭದ್ರಾವತಿಗೆಂದು ಕಾದಿರಿಸಿದ್ದೂ ಉಂಟು. ಆದರೆ ಮುಚ್ಚುವ ನಿಶ್ಚಯವಾದ ದಿನದವರೆಗೆ ಅದರಿಂದ ಒಂದು ಬುಟ್ಟಿ ಅದಿರೂ ಬಂದಿರಲಿಲ್ಲ. ಇದಕ್ಕೆ ಪರರನ್ನು ದೂರಿ ಫಲವಿಲ್ಲ. ನಮ್ಮ ಮನೆಯ ಕಣಜದಿಂದ ನಮ್ಮ ಮನೆಯ ಒಲೆಗೆ ಅಕ್ಕಿ ತರುವುದು ನಮಗೇ ಆಗಲಿಲ್ಲ.

೨೦೨೩ರ ಆಗಸ್ಟಿನಲ್ಲಿ, ಸಾವಿರಕ್ಕೂ ಮೇಲ್ಪಟ್ಟ ಗುತ್ತಿಗೆ ಕಾರ್ಮಿಕರ ತಿಂಗಳುಗಳ ಹೋರಾಟದ ಅನಂತರ, ಹೊರಗಿನಿಂದ ತರಿಸಿದ ಉಕ್ಕನ್ನು ಕಾಯಿಸಿ ಸರಳು ಎಳೆಯುವ ಕೆಲಸವು ಭದ್ರಾವತಿಯಲ್ಲಿ ಮತ್ತೆ ಆರಂಭವಾಯಿತು. ೨೦೨೪ರಲ್ಲಿ ಕೇಂದ್ರದ ಉಕ್ಕು ಸಚಿವರು ಬಂದು ಪುನರುಜ್ಜೀವನದ ಮಾತನ್ನಾಡಿ ಹೋದರು. ಸಂತೋಷ. ಆದರೆ ಎಷ್ಟು ಸಾವಿರ ಕೋಟಿಯ ಬಂಡವಾಳವೆಂದು ಕೇಳುವುದರ ಮೊದಲು, ಯಾವ ಗುಡ್ಡದ ಅದಿರು, ಯಾವ ದರಕ್ಕೆ, ಎಷ್ಟು ವರ್ಷಕ್ಕೆ ಎಂದು ಕೇಳಿರಿ. ಸೈಲ್‌ನ ವಾರ್ಷಿಕ ವರದಿಯು ಯಾರಾದರೂ ತರಿಸಿಕೊಳ್ಳಬಹುದಾದ ಪುಸ್ತಕ. ಷೇರೊಂದನ್ನು ಕೊಂಡವನಿಗೆ ವಾರ್ಷಿಕ ಸಭೆಯಲ್ಲಿ ಪ್ರಶ್ನೆ ಕೇಳುವ ಹಕ್ಕೂ ಉಂಟು. ಭದ್ರಾವತಿಯ ಹತ್ತು ಮಂದಿ ಉಪಾಧ್ಯಾಯರು ಒಂದೊಂದು ಷೇರು ಕೊಂಡರೆ ಅದೇನೂ ದೊಡ್ಡ ಖರ್ಚಲ್ಲ. ವರದಿಯಲ್ಲಿ ಲಾಭಾಂಶದ ಪುಟವನ್ನು ಎಲ್ಲರೂ ತೆರೆಯುತ್ತಾರೆ. ನೀವು ಕಚ್ಚಾಸಾಮಗ್ರಿಯ ಪುಟವನ್ನು ತೆರೆಯಿರಿ, ಸ್ವಂತ ಗಣಿಯ ಅದಿರೆಷ್ಟು, ಕೊಂಡ ಅದಿರೆಷ್ಟು ಎಂದು ನೋಡಿರಿ.

ಭದ್ರಾವತಿಯಿಂದ ಬಂದಿರುವ ಮಿತ್ರರಲ್ಲಿ ಕುಲುಮೆಯ ಮುಂದೆ ನಿಂತು ಕೆಲಸ ಮಾಡಿದವರೂ ಇದ್ದಾರೆಂದು ಅಧ್ಯಕ್ಷರು ಹೇಳಿದರು. ನಮ್ಮ ಲೆಕ್ಕದಲ್ಲಿ ತಪ್ಪಿದ್ದರೆ ಅವರು ತಿದ್ದಬೇಕು. ಮಂಡಿಯವರ ಪ್ರಶ್ನೆಗಳನ್ನು ಆಮೇಲೆ ತೆಗೆದುಕೊಳ್ಳುತ್ತೇವೆ.